ಮೂರು ಎಂಟಾದ ಎಂಟು ತಿಂಗಳು

ಬಾಗಿಲ ಮೇಲಿನ ಗಡಿಯಾರದಲ್ಲಿ ಮುಳ್ಳುಗಳ ತುದಿ ಇದೆ, ನಡು ಇಲ್ಲ, ಯಾರೋ ಒದ್ದೆ ಬೆರಳಿನಿಂದ ಉಜ್ಜಿದ ಹಾಗೆ ಅಲ್ಲೊಂದು ಬೂದು ಮಚ್ಚೆ, ಕಣ್ಣು ಎಡಕ್ಕೆ ಹೊರಳಿಸಿದರೆ ಮಚ್ಚೆಯೂ ಎಡಕ್ಕೆ, ಬಲಕ್ಕೆ ಅಂದರೆ ಬಲಕ್ಕೆ, ಸಾಕಿದ ಬೆಕ್ಕು ಕಾಲಿಗೆ ಸುತ್ತಿಕೊಂಡ ಹಾಗೆ, ನಾನು ಏನನ್ನು ನೋಡಬೇಕೋ ಸರಿಯಾಗಿ ಅದರ ಮೇಲೇ ಬಂದು ಕೂರುತ್ತೆ — ಗಡಿಯಾರ ನೋಡಬೇಕಾದರೆ ಗಡಿಯಾರವನ್ನು ನೋಡಬಾರದು, ಪಕ್ಕದ ಗೋಡೆ ನೋಡಬೇಕು, ಎಂಟು ತಿಂಗಳಲ್ಲಿ ಕಲಿತ ವಿದ್ಯೆ ಇದು, ಗೋಡೆ ನೋಡಿದೆ, ಒಂಬತ್ತೂ ನಲವತ್ತು, ಹನ್ನೊಂದಕ್ಕೆ ಸರಸರ ಬರ್ತಾಳೆ. ಸರಸರ ಅಂದರೆ ನಮ್ಮ ಲೈಬ್ರರಿಯ ಕಂಪ್ಯೂಟರ್‌ಗಳನ್ನೆಲ್ಲ ನೋಡಿಕೊಳ್ಳುವ ಹುಡುಗಿ, ಯಾವ ಕೆಲಸ ಹೇಳಿದರೂ ಸರಸರ ಆಗೋಗತ್ತೆ ಮೇಡಂ ಅನ್ನುವವಳು, ಆ ಹೆಸರಿಟ್ಟವಳು ನಾನೇ, ಎರಡು ವರ್ಷದ ಹಿಂದೆ, ಸ್ವಲ್ಪ ಕುಹಕದಿಂದಲೇ ಇಟ್ಟದ್ದು, ಈಗ ಇಡೀ ಲೈಬ್ರರಿ ಅವಳನ್ನು ಹಾಗೇ ಕರೆಯುತ್ತೆ, ಅವಳೂ ನಗ್ತಾ ಓಗೊಡ್ತಾಳೆ, ಬೇಜಾರು ಮಾಡಿಕೊಳ್ಳದವರ ಮೇಲೆ ಕುಹಕ ಮಾಡಿದರೆ ಅದು ಸುತ್ತಿ ಬಂದು ಮಾಡಿದವರಿಗೇ ಚುಚ್ಚುತ್ತೆ — ನಿನ್ನೆ ನಾನು ಚೀಲಕ್ಕೆ ಊಟದ ಡಬ್ಬಿ ಹಾಕಿಕೊಳ್ಳುವಾಗ ಮೇಜಿನ ಅಂಚಿಗೆ ಒರಗಿ ಹೇಳಿದಳು, ಮೇಡಂ ನಾಳೆ ಹನ್ನೊಂದಕ್ಕೆ ಹೋಲಿಕೆ ವರದಿ ತೆಗೀತೀನಿ, ನಮ್ಮ ಕ್ಯಾಟಲಾಗನ್ನ ಬೇರೆ ಲೈಬ್ರರಿಗಳ ಕ್ಯಾಟಲಾಗ್ ಪಕ್ಕ ಇಟ್ಟು ಎಲ್ಲೆಲ್ಲಿ ನಂಬರ್ ಹೊಂದಲ್ವೋ ಅದನ್ನೆಲ್ಲ ಸಾಫ್ಟ್‌ವೇರೇ ಹೆಕ್ಕಿ ಕೊಡತ್ತೆ, ನೀವು ಪಕ್ಕದಲ್ಲೇ ಕೂತಿರಬೇಕು, ಯಾವ ನಂಬರ್ ಯಾವ ವಿಷಯಕ್ಕೆ ಅಂತ ನನಗೆ ತಿಳಿಯಲ್ಲ, ನಿಮಗಾದ್ರೆ ನಾಲಿಗೆ ತುದೀಲಿರತ್ತೆ — ಇದೆ, ಇಪ್ಪತ್ತೊಂಬತ್ತು ವರ್ಷದಿಂದ ನಾಲಿಗೆ ತುದೀಲೇ ಇದೆ, ಐನೂರ ಮೂವತ್ತು ಭೌತಶಾಸ್ತ್ರ, ಐನೂರ ಎಂಬತ್ತು ಸಸ್ಯಶಾಸ್ತ್ರ, ನಿದ್ದೆಯಿಂದ ಎಬ್ಬಿಸಿ ಜೇನುಸಾಕಣೆ ಅಂದರೆ ಆರುನೂರ ಮೂವತ್ತೆಂಟು ಅಂತೀನಿ, ನಾಲಿಗೆಗೆ ಏನೂ ಆಗಿಲ್ಲ, ಆಗಿರೋದು ಕಣ್ಣಿಗೆ, ಅದು ಈ ಕಟ್ಟಡದಲ್ಲಿ ಒಬ್ಬರಿಗೂ ಗೊತ್ತಿಲ್ಲ, ಹನ್ನೊಂದಕ್ಕೆ ಗೊತ್ತಾಗಬಹುದು.

ಟ್ರಾಲಿಯ ಮೇಲೆ ಇವತ್ತಿನ ಪುಸ್ತಕಗಳು, ನಲವತ್ತಿರಬೇಕು, ಹೊಸ ಅಂಟಿನ ವಾಸನೆ, ಮೊದಲನೆಯದನ್ನು ಕೈಗೆ ತಗೊಂಡು ಪರಿವಿಡಿ ತಿರುವಿದೆ, ದಪ್ಪ ಅಕ್ಷರ, ಪಕ್ಕಕ್ಕೆ ಹಿಡಿದರೆ ಓದಬಹುದು, ಮಣ್ಣಿನ ರಸಾಯನ, ಸರಿ, ಶೀರ್ಷಿಕೆ ಪುಟದ ಹಿಂಬದಿಗೆ ಪೆನ್ಸಿಲ್‌ನಲ್ಲಿ ನಂಬರ್ ಬರೆದೆ, ಬರೆಯೋದು ಯಾವತ್ತೂ ಕಷ್ಟವಾಗಿಲ್ಲ, ಬರೆಯೋಕೆ ಕೈಗೆ ಕಣ್ಣು ಬೇಡ, ಲೇಬಲ್ ಅಂಟಿಸೋರು ಆ ಪೆನ್ಸಿಲ್ ನೋಡಿ ಪುಸ್ತಕದ ಬೆನ್ನಿಗೆ ಲೇಬಲ್ ಅಂಟಿಸ್ತಾರೆ, ಪುಸ್ತಕ ಸರಿಯಾದ ರ‍್ಯಾಕಿಗೇ ಹೋಗಿ ಕೂರುತ್ತೆ, ಎಡವಟ್ಟು ಇರೋದು ಆಮೇಲೆ, ಮಧ್ಯಾಹ್ನ ನನ್ನದೇ ಪೆನ್ಸಿಲ್ ಅಂಕಿಗಳನ್ನು ಓದಿ ಓದಿ ಕಂಪ್ಯೂಟರ್‌ಗೆ ಹೊಡೆಯುವಾಗ. ಇಂಗ್ಲಿಷ್ ಅಂಕಿಯ ಮೂರು ಎಡಗಡೆಗೆ ಬಾಯಿ ತೆರೆದುಕೊಂಡಿರುತ್ತೆ, ಮೇಲೊಂದು ಬಾಯಿ ಕೆಳಗೊಂದು ಬಾಯಿ, ಆ ಎರಡು ಬಾಯಿ ಮುಚ್ಚಿದರೆ ಎಂಟು, ಅಷ್ಟೇ ವ್ಯತ್ಯಾಸ, ಮಚ್ಚೆ ಬಂದು ಬಾಯಿ ಮುಚ್ಚಿಸುತ್ತೆ, ನಾನು ಎಂಟು ಒತ್ತುತ್ತೀನಿ, ಪರದೆ ಮೇಲೆ ಎಂಟು ಬಿದ್ದರೂ ಅದು ನನಗೆ ಮೂರಿನ ಹಾಗೇ ಮಂಜು ಮಂಜು, ತಪ್ಪಿದ್ದು ಗೊತ್ತಾಗೋದು ಹೇಗೆ, ಮೊದಲ ಮೂರು ಅಂಕಿಗಳಲ್ಲಿ ತಪ್ಪಿದ್ದರೆ ವಿಷಯ ಗೊತ್ತಿರೋ ಬೆರಳು ತಡೆಯುತ್ತಿತ್ತು, ತಪ್ಪಿರೋದೆಲ್ಲ ಬಿಂದುವಿನ ಆಚೆ, ಅಲ್ಲಿ ಬೆರಳಿಗೆ ಅಷ್ಟು ಎಚ್ಚರ ಇರಲ್ಲ. ಎಂಟು ತಿಂಗಳ ಹಿಂದೆ ಕಣ್ಣಿನ ಡಾಕ್ಟರು ನನ್ನ ಗಲ್ಲ ಹಿಡಿದು ಯಂತ್ರಕ್ಕೆ ಆನಿಸಿ ಬೆಳಕು ಬಿಟ್ಟು ನೋಡಿ ಹೇಳಿದರು, ಕಣ್ಣಿನ ಪರದೆಯ ನಡುಭಾಗ ಸವೀತಾ ಇದೆ, ವಯಸ್ಸು ಐವತ್ತನಾಲ್ಕು ಅಂದ್ರಾ, ಸ್ವಲ್ಪ ಬೇಗನೇ ಬಂದಿದೆ, ಪೂರ್ತಿ ಕತ್ತಲಾಗಲ್ಲ, ಅಂಚು ಉಳಿಯುತ್ತೆ, ನಡೆಯಬಹುದು, ಮನೆ ಕೆಲಸ ಮಾಡಬಹುದು, ನಿಮ್ಮ ಕೆಲಸ ಏನು — ಓದೋದು ಅಂದೆ, ಅವರು ಚೌಕುಳಿ ಗೆರೆಗಳ ಒಂದು ಕಾಗದ ಕೊಟ್ಟರು, ದಿನಾ ಒಂದೊಂದೇ ಕಣ್ಣು ಮುಚ್ಚಿ ನೋಡಿ, ಗೆರೆ ಎಲ್ಲಿ ಬಾಗುತ್ತೋ ಗುರುತು ಹಾಕಿ, ಗೋಡೆಗೆ ಅಂಟಿಸಿಕೊಳ್ಳಿ ಅಂದರು, ಗೋಡೆಗೆ ಅಂಟಿಸಿದರೆ ಅಕ್ಕ ನೋಡ್ತಾಳೆ, ಬೀರುವಿನ ಬಾಗಿಲ ಒಳಗಡೆಗೆ ಅಂಟಿಸಿದೆ, ಬಟ್ಟೆ ತೆಗೆಯೋ ನೆಪದಲ್ಲಿ ಬೆಳಿಗ್ಗೆ ಬೆಳಿಗ್ಗೆ ಅದರ ಮುಂದೆ ಒಂಟಿಗಣ್ಣಲ್ಲಿ ನಿಲ್ಲೋದು, ಗೆರೆಗಳು ಬಾಗ್ತಾವೆ, ಒಗೆದ ಬಟ್ಟೆಯ ಭಾರಕ್ಕೆ ತಂತಿ ಜೋತುಬಿದ್ದ ಹಾಗೆ.

ನನ್ನ ಪಾಡಿಗೆ ನಾನು ಬಾಗಿಕೊಂಡು ಇದ್ದುಬಿಡುತ್ತಿದ್ದೆನೋ ಏನೋ, ಆ ಏರೋಪ್ಲೇನ್ ಹುಡುಗಿ ಬರದೇ ಹೋಗಿದ್ದರೆ, ಮೂರು ವಾರ ಆಯಿತು, ಸಂಶೋಧನೆಗೆ ಹೊಸದಾಗಿ ಸೇರಿದವಳು, ಏರೋಪ್ಲೇನ್ ಚಿಟ್ಟೆಗಳ, ಅಂದರೆ ಡ್ರಾಗನ್‌ಫ್ಲೈಗಳ, ರೆಕ್ಕೆಯ ಮೇಲೆ ಪ್ರಬಂಧ ಬರೆಯುವವಳು, ಕೈಯಲ್ಲೊಂದು ಚೀಟಿ ಹಿಡಿದು ನನ್ನ ಕೋಣೆಯ ಬಾಗಿಲಲ್ಲಿ ನಿಂತಳು, ವಿಜ್ಞಾನದ ಪುಸ್ತಕಗಳಿರೋ ಮೂರನೇ ಮಹಡಿಗೆ ಓದುಗರನ್ನು ಬಿಡಲ್ಲ, ಕಂಪ್ಯೂಟರ್‌ನಲ್ಲಿ ನಂಬರ್ ನೋಡಿ ಚೀಟಿ ಬರೆದುಕೊಟ್ಟರೆ ಮೇಲಿನ ಅಟೆಂಡರ್ ಹುಡುಕಿ ಕೆಳಗೆ ಕಳಿಸ್ತಾರೆ, ಸಿಗದಿದ್ದರೆ ಚೀಟಿಯ ಮೇಲೆ ಇಲ್ಲ ಅಂತ ಬರೆದು ಕಳಿಸ್ತಾರೆ, ಅವಳ ಚೀಟಿ ನಾಲ್ಕು ಸಲ ಹೋಗಿ ನಾಲ್ಕು ಸಲವೂ ಇಲ್ಲ ಅಂತ ಬಂದಿತ್ತು, ಮೇಡಂ ಕಂಪ್ಯೂಟರ್ ಇದೆ ಅನ್ನತ್ತೆ, ಅವರು ಇಲ್ಲ ಅಂತಾರೆ, ಆ ಜಾಗದಲ್ಲಿ ಬರೀ ಚಿಟ್ಟೆ ಪುಸ್ತಕ ಇದೆಯಂತೆ, ಏರೋಪ್ಲೇನ್ ಚಿಟ್ಟೆ ಇಲ್ವಂತೆ, ಅಂತ ನಕ್ಕಳು, ನಗುವಿನ ಹಿಂದೆ ಅಳು, ಗೈಡ್ ಮುಂದಿನ ತಿಂಗಳೊಳಗೆ ಮೊದಲ ಅಧ್ಯಾಯ ಕೇಳಿದ್ದಾರಂತೆ. ಆ ಪುಸ್ತಕ ನನಗೆ ಚೆನ್ನಾಗಿ ನೆನಪಿತ್ತು, ಗಾಜಿನಂಥ ರೆಕ್ಕೆಗಳ ಚಿತ್ರ ಇಡೀ ಪುಟ ತುಂಬಿದ್ದು, ಅಷ್ಟು ದೊಡ್ಡದಾಗಿದ್ದಕ್ಕೇ ಮಚ್ಚೆಯ ಸುತ್ತಲೂ ಕಂಡದ್ದು, ಐನೂರ ತೊಂಬತ್ತೈದು ಬಿಂದು ಏಳು ಮೂರು ಮೂರು ಅಂತ ಪೆನ್ಸಿಲ್ ಹಾಕಿದ್ದೂ ನೆನಪಿತ್ತು, ನಿನ್ನ ಚೀಟಿ ಓದಮ್ಮ ಅಂದೆ, ಕನ್ನಡಕ ಮರೆತು ಬಂದಿದೀನಿ ಅಂತ ಒಂದು ಸುಳ್ಳು ಸೇರಿಸಿದೆ, ಅವಳು ಓದಿದಳು, ಐನೂರ ತೊಂಬತ್ತೈದು ಬಿಂದು ಏಳು ಎಂಟು ಮೂರು. ಏಳು ಎಂಟು ಅಂದರೆ ಚಿಟ್ಟೆಗಳ ಸಾಲು. ಊಟದ ಹೊತ್ತಿಗೆ ಮೂರನೇ ಮಹಡಿಯಲ್ಲಿ ಯಾರೂ ಇರಲ್ಲ, ಮೆಟ್ಟಿಲು ಹತ್ತಿ ಹೋದೆ, ಏಳು ಮೂರು ಮೂರರ ಸಾಲಿನಲ್ಲಿ ಬೆರಳಾಡಿಸಿದರೆ ಅಲ್ಲೇ ಕೂತಿತ್ತು, ಇಷ್ಟು ದಿನ ಎಲ್ಲಿ ಹೋಗಿದ್ದೆ ಅಂತ ಅದೇ ನನ್ನನ್ನು ಕೇಳೋ ಹಾಗೆ, ತಂದು ಹುಡುಗಿಗೆ ಕೊಟ್ಟೆ, ಹೇಗೋ ಸಿಕ್ತು ತಗೋ ಅಂದೆ, ಆ ಹೇಗೋ ಅನ್ನೋ ಮಾತಿನಲ್ಲಿ ಎಷ್ಟು ಚೆನ್ನಾಗಿ ಅಡಗಿಕೊಂಡೆ, ವಾಪಸ್ ಬಂದು ಕೂತು ಲೆಕ್ಕ ಹಾಕಿದೆ, ಒಂದು ಮೂರು ಎಂಟಾಗಿದ್ದರೆ ಇನ್ನೆಷ್ಟು ಮೂರು ಎಂಟಾಗಿರಬಹುದು.

ಅದಷ್ಟೇ ಆಗಿದ್ದರೆ ಹೊಟ್ಟೆಯೊಳಗೆ ಇಟ್ಟುಕೊಂಡು ಕಳೆದುಬಿಡಬಹುದಿತ್ತು, ಆದರೆ ಹೋದ ವಾರ ಮೂರನೇ ಮಹಡಿಗೆ ಮೆಮೊ ಬಂತು — ಮೂರನೇ ಮಹಡಿ ಅನ್ನೋದು ಅಲ್ಲಿನ ಅಟೆಂಡರ್‌ಗೆ ಎಲ್ಲರೂ ಇಟ್ಟ ಹೆಸರು, ಮೂರನೇ ಮಹಡಿ ಊಟಕ್ಕೆ ಹೋಗಿದೆ, ಮೂರನೇ ಮಹಡಿಗೆ ನೆಗಡಿ ಅಂತೆಲ್ಲ ಹೇಳಿ ನಗೋದು, ಇಪ್ಪತ್ತಾರು ವರ್ಷದಿಂದ ಆ ಮಹಡಿಯಲ್ಲೇ ಇರೋ ಮನುಷ್ಯ, ಪುಸ್ತಕಗಳನ್ನು ಮಕ್ಕಳ ತಲೆ ನೇವರಿಸೋ ಹಾಗೆ ಒರೆಸೋರು — ಇಲ್ಲ ಅಂತ ಬರೆದ ಚೀಟಿಗಳು ಎಂಟು ತಿಂಗಳಲ್ಲಿ ಒಂದು ಡಬ್ಬಿ ತುಂಬಿದ್ದವು, ಮುಖ್ಯ ಗ್ರಂಥಪಾಲಕರು, ನಾವೆಲ್ಲ ಸಾಹೇಬರು ಅನ್ನೋದು, ಆ ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿ ಕೇಳಿದರಂತೆ, ಇಷ್ಟು ಪುಸ್ತಕ ಕಾಲು ಬಂದು ನಡ್ಕೊಂಡು ಹೋದ್ವಾ, ಸರಿಯಾಗಿ ಹುಡುಕದೆ ಇಲ್ಲ ಅಂತ ಬರೆಯೋದು ಸುಲಭ ಅಲ್ವಾ, ಕೆಲಸದಲ್ಲಿ ಅಸಡ್ಡೆ ಅಂತ ಮೆಮೊ, ಉತ್ತರ ಕೊಡೋಕೆ ಹತ್ತು ದಿನ. ನಾನು ಮೆಟ್ಟಿಲಲ್ಲಿ ಎದುರಾದಾಗ ಅವರು ನಿಂತು ಹೇಳಿದರು, ಮೇಡಮ್ಮ ನಾನು ಹುಡುಕಿದೀನಿ, ಮಂಡಿಯೂರಿ ಕೆಳಗಿನ ಸಾಲು ಕೂಡ ಹುಡುಕಿದೀನಿ, ವಯಸ್ಸಾಯ್ತಲ್ಲ, ನನ್ನ ಕಣ್ಣೇ ಮಂಜಾಗಿದೆಯೋ ಏನೋ, ಡಾಕ್ಟರ ಹತ್ರ ತೋರಿಸ್ಕೋಬೇಕು — ಅವರ ಕಣ್ಣು ಅಂತೆ, ನಾನು ಅವರ ಕಿವಿಯ ಕಡೆ ನೋಡುತ್ತಾ ನಿಂತಿದ್ದೆ, ಮುಖ ಕಾಣಲೆಂದು, ಕಂಡಿತು, ಮೆಟ್ಟಿಲಿಳಿದೆ, ಮೆಟ್ಟಿಲ ಕಂಬಿಯ ಕಬ್ಬಿಣ ಇನ್ನೂ ಅಂಗೈಯಲ್ಲಿ ತಣ್ಣಗಿದೆ.

ಅಕ್ಕನ ಮುಂದೆ ಕಿವಿ ನೋಡೋ ಆಟ ನಡೆಯಲಿಲ್ಲ, ಇವತ್ತು ಬೆಳಿಗ್ಗೆ ಬ್ರೆಡ್ ಹೆಚ್ಚುತ್ತಾ ಹೇಳಿದಳು, ನೀನು ಎಷ್ಟೋ ದಿನದಿಂದ ನನ್ನ ಮುಖ ನೋಡಿ ಮಾತಾಡ್ತಿಲ್ಲ, ಕಿವಿ ನೋಡಿ ಮಾತಾಡ್ತಿದೀಯ, ಕಿವಿಗೇನಾಗಿದೆ ಅಂತ ನಾನು ಕನ್ನಡಿ ನೋಡಿಕೊಂಡೆ, ಏನೂ ಆಗಿಲ್ಲ, ಹಾಗಾದರೆ ನಿನಗೇ ಏನೋ ಆಗಿದೆ — ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೈದು ವರ್ಷ ದುಡಿದವಳಿಗೆ ಮುಖ ಬೇಕಿಲ್ಲ, ದನಿ ಸಾಕು, ಏನಿಲ್ಲ ಅಕ್ಕ ಅಂದೆ, ಆ ಏನಿಲ್ಲದಲ್ಲೇ ಎಲ್ಲ ಕೇಳಿಸಿಕೊಂಡಳು, ಚಾಕು ಕೆಳಗಿಟ್ಟಳು, ನಾನು ಹೇಳಿದೆ, ಕಣ್ಣು, ಡಾಕ್ಟರು, ಬೀರುವಿನ ಒಳಗಿನ ಕಾಗದ, ಮೂರು, ಎಂಟು, ಮೂರನೇ ಮಹಡಿಯ ಮೆಮೊ, ಒಂದರ ಹಿಂದೆ ಒಂದು, ಎದೆ ಖಾಲಿಯಾಗುವವರೆಗೆ ಹೇಳಿದೆ, ಕೆಲಸದಿಂದ ತೆಗೀತಾರೆ ಅಕ್ಕ, ತೆಗೀದಿದ್ರೂ ಕೌಂಟರ್‌ನಲ್ಲಿ ಕೂರಿಸಿ ಸೀಲು ಹೊಡೆಸ್ತಾರೆ, ರಿಟೈರ್ ಆಗೋಕೆ ಇನ್ನೂ ಆರು ವರ್ಷ ಇದೆ, ಪುಸ್ತಕ ಬಿಟ್ಟು ನನಗೆ ಇನ್ನೇನು ಬರತ್ತೆ. ಅಕ್ಕ ಅಳಲಿಲ್ಲ, ಅಪ್ಪಿಕೊಳ್ಳಲೂ ಇಲ್ಲ, ಕಣ್ಣು ಹೋಗೋದು ನಿನ್ನ ತಪ್ಪಲ್ಲ, ಆ ಮನುಷ್ಯನಿಗೆ ಬಂದ ಮೆಮೊ ನಿನ್ನ ತಪ್ಪು, ಎರಡನ್ನೂ ಒಂದೇ ಚೀಲಕ್ಕೆ ತುಂಬಿಕೊಂಡು ಭಾರ ಭಾರ ಅಂತ ಒದ್ದಾಡಬೇಡ ಅಂದಳು, ಆಮೇಲೆ ತನ್ನ ಕಥೆ, ನೂರು ಸಲ ಕೇಳಿದ್ದು, ಲೈನ್ ಜೋಡಿಸೋ ನಮ್ಮ ಬೋರ್ಡ್ ಬಿಚ್ಚಿಕೊಂಡು ಹೋದ ದಿನ ನಾನು ಬಚ್ಚಲಲ್ಲಿ ಕೂತು ಅತ್ತೆ, ಯಂತ್ರ ಬಂತು ನಾವು ಹೋದ್ವಿ ಅಂದ್ಕೊಂಡೆ, ಮಾರನೇ ದಿನ ವಿಚಾರಣೆ ವಿಭಾಗಕ್ಕೆ ಹಾಕಿದ್ರು, ನಂಬರ್ ಕೇಳೋಕೆ ಫೋನ್ ಮಾಡಿದ ಜನ ತಮ್ಮ ಕಥೆನೆಲ್ಲ ಹೇಳೋರು, ಬೋರ್ಡಿಗಿಂತ ಅದೇ ಚೆನ್ನಾಗಿತ್ತು ನೋಡು — ಇವತ್ತು ಮಾತ್ರ ಒಂದು ಹೊಸದು ಸೇರಿಸಿದಳು, ನಮಗೆ ಮೂರು ಎಂಟರ ತಾಪತ್ರಯ ಇರಲಿಲ್ಲ, ಕಿವಿಗೆ ಮೂರೂ ಆರೂ ಗಲಾಟೆ, ಲೈನು ಕೆಟ್ಟಿದ್ದರೆ ಮೂರು ಅಂದ್ರೆ ಆರು ಅಂತ ಕೇಳೋದು, ಅದಕ್ಕೆ ಎರಡರ ಮುಂದಿನ ಮೂರು ಅಂತ ಬಿಡಿಸಿ ಹೇಳ್ತಿದ್ವಿ, ತಪ್ಪಾಗತ್ತೆ ಅಂತ ಗೊತ್ತಿದ್ದರೆ ತಪ್ಪದ ಹಾಗೆ ಹೇಳೋ ದಾರೀನೂ ಇರತ್ತೆ.

ಮೇಡಂ ರೆಡಿನಾ — ಹನ್ನೊಂದಾಗಿಬಿಟ್ಟಿದೆ, ಗೋಡೆ ನೋಡೋದೇ ಮರೆತಿದ್ದೆ, ಸರಸರ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಳು, ಸೋಪಿನ ವಾಸನೆ, ಕೀಲಿಮಣೆಯ ಮೇಲೆ ಬೆರಳು ಜಡಿಮಳೆಯ ಹಾಗೆ, ಯಾವ ತಾರೀಖಿನಿಂದ ತಗೊಳ್ಳಲಿ ಮೇಡಂ, ಇಡೀ ಕ್ಯಾಟಲಾಗ್ ಅಂದ್ರೆ ಮೂರು ದಿನ ಓಡತ್ತೆ, ಸಾಹೇಬರು ಸದ್ಯಕ್ಕೆ ಒಂದು ತುಂಡು ತೆಗೆದು ತೋರಿಸಿ ಅಂದಿದ್ದಾರೆ, ಯಾವ ತುಂಡು ಅಂತ ನೀವೇ ಹೇಳಿ. ನಾನೇ ಹೇಳಬೇಕು. ಐದು ವರ್ಷದ ಹಿಂದಿನದು ಅಂದರೆ ಸಾಕು, ಆಗ ಕಣ್ಣು ಚೆನ್ನಾಗಿತ್ತು, ವರದಿ ಗಾಜಿನ ಹಾಗೆ ಸ್ವಚ್ಛ ಬರುತ್ತೆ, ಸಾಹೇಬರು ಭೇಷ್ ಅಂತಾರೆ, ಬಾಗಿಲು ತಾನಾಗೇ ತೆರೆದುಕೊಂಡಿದೆ, ನುಸುಳಿ ಹೋಗೋದಷ್ಟೇ ಬಾಕಿ, ಬಾಯಿಗೆ ಬಂದೇಬಿಟ್ಟಿತ್ತು — ಮಂಡಿಯೂರಿ ಕೆಳಗಿನ ಸಾಲು ಕೂಡ ಹುಡುಕಿದೀನಿ — ಈ ಎಂಟು ತಿಂಗಳಿಂದು ತಗೋ, ಅಂದೆ, ನನ್ನ ಕೋಡ್ ಮಾತ್ರ. ನಾವು ಮೂರು ಜನ ಕ್ಯಾಟಲಾಗ್ ಮಾಡೋರು, ಯಾರು ಮಾಡಿದ್ದು ಅಂತ ಪ್ರತಿ ದಾಖಲೆಯಲ್ಲೂ ಒಂದು ಕೋಡ್ ಇರುತ್ತೆ, ಸರಸರ ನನ್ನ ಕಡೆ ತಿರುಗಿದ್ದು ಕಣ್ಣಂಚಿನಲ್ಲಿ ಕಂಡಿತು, ಒತ್ತಿದಳು, ಕಂಪ್ಯೂಟರ್ ಗುಂಯ್‌ಗುಟ್ಟಿತು, ಐಎಸ್‌ಬಿಎನ್ ಅನ್ನೋ ಪುಸ್ತಕದ ಗುರುತಿನ ಸಂಖ್ಯೆ ಹಿಡಿದುಕೊಂಡು ಊರೂರಿನ ಲೈಬ್ರರಿಗಳ ಬಾಗಿಲು ತಟ್ಟಿ ಈ ಪುಸ್ತಕಕ್ಕೆ ನೀವೇನು ನಂಬರ್ ಕೊಟ್ಟಿದೀರಿ ಅಂತ ಕೇಳಿಕೊಂಡು ಬರುತ್ತೆ, ಇಪ್ಪತ್ತು ನಿಮಿಷ ಹಿಡಿಯಿತು. ಬಂತು ಮೇಡಂ, ಎರಡು ಸಾವಿರದ ನೂರ ಆರು ಕಡೆ ಹೊಂದ್ತಿಲ್ಲ, ಆದ್ರೆ ಇದರಲ್ಲಿ ಬಹಳಷ್ಟು ತಪ್ಪಲ್ಲ ಅಲ್ವಾ, ಒಂದೇ ಪುಸ್ತಕಕ್ಕೆ ಒಬ್ಬೊಬ್ಬರು ಒಂದೊಂದು ನಂಬರ್ ಕೊಡ್ತಾರಲ್ಲ, ನಿಜವಾದ ತಪ್ಪು ಇದರೊಳಗೆ ಎಲ್ಲಿದೆ ಅಂತ ಕಂಡುಹಿಡಿಯೋದು ಅಕ್ಕಿಯಲ್ಲಿ ಕಲ್ಲು ಹೆಕ್ಕಿದ ಹಾಗೆ, ವರ್ಷ ಹಿಡಿಯತ್ತೆ. ಎರಡನೇ ಬಾಗಿಲು. ಎರಡು ಸಾವಿರದಲ್ಲಿ ನನ್ನ ಕಲ್ಲುಗಳು ಯಾರ ಹಲ್ಲಿಗೂ ಸಿಗಲ್ಲ, ನಾನು ಸುಮ್ಮನಿದ್ದರೆ ಸಾಕು, ಸುಳ್ಳು ಕೂಡ ಹೇಳಬೇಕಿಲ್ಲ, ಸುಮ್ಮನಿರೋದು, ಎಂಟು ತಿಂಗಳಿಂದ ಮಾಡಿದ್ದನ್ನೇ ಇನ್ನೊಂದು ನಿಮಿಷ ಮಾಡೋದು. ಮೂರು ಇರಬೇಕಾದ ಕಡೆ ಎಂಟು ಇರೋದನ್ನ ಮಾತ್ರ ತೆಗಿ, ಅಂದೆ, ಬೇರೆ ಯಾವ ವ್ಯತ್ಯಾಸನೂ ಬೇಡ. ಬೆರಳುಗಳ ಮಳೆ ನಿಂತಿತು. ಮೂರು ಎಂಟೇ ಅಂತ ನಿಮಗೆ ಹೇಗೆ ಗೊತ್ತು ಮೇಡಂ.

ಹೇಳಿದೆ, ಬೆಳಿಗ್ಗೆ ಅಕ್ಕನಿಗೆ ಹೇಳಿದ್ದಕ್ಕಿಂತ ಸುಲಭವಾಯಿತು, ಒಂದು ಸಲ ನಡೆದ ದಾರಿ, ನಾನು ಹೇಳುವಷ್ಟು ಹೊತ್ತೂ ಅವಳು ಕುರ್ಚಿಯಲ್ಲಿ ಕದಲಲಿಲ್ಲ, ಅಯ್ಯೋ ಪಾಪ ಅಂತಾಳೆ ಅಂದ್ಕೊಂಡಿದ್ದೆ, ಅಂದಿದ್ದರೆ ಎದ್ದು ಹೋಗುತ್ತಿದ್ದೆ, ಅವಳು ಅಂದದ್ದು, ಒಬ್ಬರೇ ಮಾಡಿರೋದು, ಒಂದೇ ಥರ ಮಾಡಿರೋದು, ಇದು ಒಳ್ಳೇದೇ ಆಯ್ತಲ್ಲ ಮೇಡಂ, ಬೇರೆ ಬೇರೆ ತಪ್ಪಾಗಿದ್ರೆ ಒಂದೊಂದೇ ಹುಡುಕಬೇಕಿತ್ತು, ಒಂದೇ ಥರದ ತಪ್ಪಾದ್ರೆ ಒಂದೇ ಸಲಕ್ಕೆ ಹೋಗತ್ತೆ — ತಪ್ಪಿನಲ್ಲೂ ಅಚ್ಚುಕಟ್ಟು ಅನ್ನೋ ಹಾಗೆ, ನನಗೆ ನಗು ಬಂತು, ಎಷ್ಟು ದಿನವಾಗಿತ್ತು ಈ ಕೋಣೆಯಲ್ಲಿ ನಕ್ಕು, ಅವಳು ಏನೋ ಬರೆದು ಒತ್ತಿದಳು, ಎರಡು ಸಾವಿರ ಕರಗಿ ಮುನ್ನೂರ ಎಂಬತ್ತೊಂಬತ್ತಾಯಿತು, ನನ್ನ ಮುನ್ನೂರ ಎಂಬತ್ತೊಂಬತ್ತು, ಇನ್ನು ಇಪ್ಪತ್ತಮೂರಕ್ಕೆ ಐಎಸ್‌ಬಿಎನ್ನೇ ಇಲ್ಲ, ಅದನ್ನು ಹೋಲಿಸೋಕೆ ಆಗಲ್ಲ ಅಂದಳು, ಅಕ್ಷರ ದೊಡ್ಡದು ಮಾಡಿದಳು, ಇನ್ನೂ ದೊಡ್ಡದು, ಪರದೆ ತುಂಬ ಬರೀ ಮೂರು ಸಾಲು, ಈಗ ಕಾಣ್ತಾ ಮೇಡಂ, ಕಂಡಿತು, ಎಡಗಡೆ ನನ್ನ ನಂಬರ್, ಬಲಗಡೆ ಸರಿಯಾದ ನಂಬರ್, ಒಂದೊಂದು ಅಂಕಿಯೂ ಬೆರಳಿನಷ್ಟು ಉದ್ದ, ಇದನ್ನು ಮೊದಲೇ ಮಾಡಬಹುದಿತ್ತಾ ಅಂದೆ, ಬಂದ ಮೊದಲ ತಿಂಗಳೇ ಹೇಳಿದ್ದೆ ಮೇಡಂ, ನೀವು ಬೇಡ ಅಂದ್ರಿ. ಹೌದು, ಬೇಡ ಅಂದಿದ್ದೆ, ಬಾರ್‌ಕೋಡ್ ಹೊಡೆದರೆ ಇಡೀ ದಾಖಲೆ ತಾನಾಗೇ ಬಂದು ಕೂರತ್ತೆ, ಟೈಪ್ ಮಾಡೋದೇ ಬೇಡ ಅಂತಲೂ ಹೇಳಿದ್ದಳು, ಬೇರೆಯವರ ಎಂಜಲು ನನಗೆ ಬೇಡ ಅಂದಿದ್ದೆ, ಅದೇ ಮಾತು, ಎಲ್ಲರ ಮುಂದೆ, ಅವಳ ಮುಖ ಚಿಕ್ಕದಾಗಿದ್ದು ಆಗ ನನಗೆ ಚೆನ್ನಾಗಿಯೇ ಕಂಡಿತ್ತು. ಎಲ್ಲ ಸರಿಮಾಡು ಅಂತ ಒಂದು ಗುಂಡಿ ಇದೆ, ಒತ್ತಲಾ, ಅಂದಳು, ಬೇಡ, ಮೊದಲು ಸಾಹೇಬರು ನೋಡಲಿ, ಸರಿಯಾದ ಮೇಲೆ ತೋರಿಸಿದರೆ ತಪ್ಪು ಯಾರದ್ದು ಅಂತ ಕಾಣಲ್ಲ.

ಸಾಹೇಬರ ಕೋಣೆಯ ಫ್ಯಾನು ಟಿಕ್ ಟಿಕ್ ಅನ್ನುತ್ತಿತ್ತು, ನಾನು ಎಲ್ಲ ಹೇಳಿದೆ, ಅವರು ಪಟ್ಟಿಯ ಹಾಳೆಗಳನ್ನು ಒಂದೊಂದಾಗಿ ತಿರುವಿದರು, ಕೂತ್ಕೊಳ್ಳಿ ಅನ್ನಲಿಲ್ಲ, ನಾನೂ ಸರಸರನೂ ನಿಂತೇ ಇದ್ದೆವು, ಕಣ್ಣಿನದು ನನಗೆ ಅರ್ಥ ಆಗತ್ತೆ, ಎಂಟು ತಿಂಗಳು ಹೇಳದೇ ಇದ್ರಲ್ಲ ಅದು ಅರ್ಥ ಆಗಲ್ಲ, ಒಬ್ಬ ಒಳ್ಳೇ ಮನುಷ್ಯನಿಗೆ ನನ್ನ ಕೈಲಿ ಮೆಮೊ ಕೊಡಿಸಿದ್ರಿ ನೀವು, ಅಂದರು, ದನಿ ಏರಿಸದೆ, ಏರಿಸಿದ್ದರೆ ಚೆನ್ನಾಗಿತ್ತು, ಹೌದು ಸಾರ್ ಅಂದೆ. ಅವರು ಹಾಳೆ ಮಡಚಿದರು, ಬಿಚ್ಚಿದರು, ನನ್ನನ್ನು ಕೌಂಟರಿಗೆ ಹಾಕ್ತಾರೆ, ಈಗ ಹೇಳ್ತಾರೆ, ಈಗ, ಫ್ಯಾನು ಟಿಕ್, ಇಪ್ಪತ್ತೊಂಬತ್ತು ವರ್ಷ ಟಿಕ್ — ಮೆಮೊ ಇವತ್ತೇ ವಾಪಸ್ ತಗೋತೀನಿ, ಕಾರಣ ಬರೆದು, ನಿಮ್ಮ ಹೆಸರಲ್ಲೇ ಕಾರಣ ಬರೆಯಬೇಕಾಗತ್ತೆ, ಬರೀರಿ ಸಾರ್ ಅಂದೆ, ಡಾಕ್ಟರ ಪತ್ರ ತನ್ನಿ, ಇನ್ನು ಮೇಲೆ ನೀವು ಕೈಯಿಂದ ಟೈಪ್ ಮಾಡೋ ಹಾಗಿಲ್ಲ, ಬಾರ್‌ಕೋಡ್‌ನಿಂದ ತರಿಸಿ, ಅದರಲ್ಲಿ ಬಂದ ನಂಬರ್ ನಮ್ಮ ಲೈಬ್ರರಿಗೆ ಸರಿಯಾ ಅಂತ ನೋಡೋದಷ್ಟೇ ನಿಮ್ಮ ಕೆಲಸ, ಮೂರು ತಿಂಗಳು ನೋಡೋಣ, ಅಂದರು. ಮೂರು ತಿಂಗಳು. ಕೌಂಟರ್ ಅನ್ನಲಿಲ್ಲ. ಹೊರಗೆ ಬಂದ ಮೇಲೆ ಸರಸರ ನನ್ನ ಮೊಣಕೈ ಹಿಡಿದುಕೊಂಡಳು, ಹಿಡಿದದ್ದು ಅವಳಿಗೂ ಗೊತ್ತಾಗದ ಹಾಗೆ, ಮೇಡಂ ಇನ್ನ ಗುಂಡಿ ಒತ್ತಬಹುದಾ ಅಂದಳು, ನನ್ನ ಕೈಯಲ್ಲೇ ಒತ್ತಿಸಿದಳು, ಟೀ ತರಿಸಿ ಅದು ಆರುವಷ್ಟರಲ್ಲಿ ಮುನ್ನೂರ ಎಂಬತ್ತೊಂಬತ್ತೂ ಸರಿಯಾಗಿದ್ದವು, ಎಂಟು ತಿಂಗಳ ತಪ್ಪು ಒಂದು ಲೋಟ ಟೀಗೆ, ಸರಸರ ಅನ್ನೋ ಹೆಸರನ್ನು ಮೊದಲ ಸಲ ಪ್ರೀತಿಯಿಂದ ಕರೆದೆ, ಅವಳು ಎಂದಿನ ಹಾಗೇ ಓಗೊಟ್ಟಳು.

ಉಳಿದ ಇಪ್ಪತ್ತಮೂರು ಹಳೇ ಪ್ರಬಂಧಗಳು, ಯಾವುದೋ ವಿಭಾಗದ ಬೀರು ಖಾಲಿ ಮಾಡುವಾಗ ನಮಗೆ ಕಳಿಸಿದ್ದು, ಐಎಸ್‌ಬಿಎನ್ ಅನ್ನೋದು ಅವುಗಳ ಜಾತಕದಲ್ಲೇ ಇಲ್ಲ, ಬೆನ್ನ ಮೇಲಿನ ಲೇಬಲ್ ಓದಿದರೆ ಮುಗೀತು, ಅದಕ್ಕೆ ಮೂರನೇ ಮಹಡಿಯವರೇ ಬೇಕು, ಊಟವಾದ ಮೇಲೆ ಟ್ರಾಲಿ ತಳ್ಳಿಕೊಂಡು ಬಂದರು, ಚಕ್ರ ಕಿರುಗುಟ್ಟುತ್ತಾ, ಬಾಗಿಲಲ್ಲೇ ನಿಂತರು, ಸಾಹೇಬರು ಎಲ್ಲ ಹೇಳಿದ್ರು, ಅಂದರು, ನಾನು ಎದ್ದು ನಿಂತೆ, ತಪ್ಪಾಯ್ತು ಅಂದೆ, ಅದು ಎಷ್ಟು ಸಣ್ಣ ಮಾತು, ಮೂರನೇ ಮಹಡಿ ತುಂಬ ಹೊತ್ತು ಟ್ರಾಲಿಯ ಹಿಡಿ ಒರೆಸಿದರು, ಎಂಟು ದಿನ ನಿದ್ದೆ ಬಂದಿಲ್ಲ ಮೇಡಮ್ಮ ನನಗೆ, ಅಂದರು, ಮನೇಲಿ ನನ್ನ ಹೆಂಡತಿ ಕೂಡ ಸರಿಯಾಗಿ ಹುಡುಕಿದ್ರಾ ಅಂತ ಕೇಳಿಬಿಟ್ಟಳು, ಒಂದು ಮಾತು ಹೇಳಿದ್ರೆ ದಿನಾ ಮಧ್ಯಾಹ್ನ ಬಂದು ನಾನೇ ಓದಿ ಹೇಳ್ತಿದ್ದೆನಲ್ಲ, ನನಗೆ ಅಂಕಿ ಬರತ್ತಲ್ಲ. ಅವರು ಉತ್ತರಕ್ಕೆ ಕಾಯಲಿಲ್ಲ, ಕೂತರು, ಒಂದು ಪ್ರಬಂಧ ಎತ್ತಿಕೊಂಡರು, ಐದು, ಐದು, ಒಂದು, ಬಿಂದು, ನಾಲ್ಕು, ಮೂರು, ಅಂತ ನಿಧಾನವಾಗಿ ಓದಿದರು, ಓದುವ ದನಿಯಲ್ಲಿ ಇನ್ನೂ ಮುನಿಸಿದೆ, ಇರಲಿ, ಇರಬೇಕು, ಓದುತ್ತಿದ್ದಾರಲ್ಲ, ಸರಸರ ಒತ್ತಿದಳು, ಕಂಪ್ಯೂಟರ್ ಕೂಡ ಅದೇ ಅಂಕಿಗಳನ್ನು ಒಂದೊಂದಾಗಿ ನನ್ನ ಕಿವಿಗೆ ಹೇಳಿತು, ಹೆಡ್‌ಫೋನ್ ಹಾಕಿಕೊಟ್ಟಿದ್ದಾಳೆ, ಅಕ್ಕ ಎಕ್ಸ್‌ಚೇಂಜಿನಲ್ಲಿ ಕೂತು ಹೇಳೋ ಹಾಗೇ ಇದೆ, ವಿಷಯ ಏನು ಅಂತ ಕೇಳ್ತೀನಿ, ಮೂರನೇ ಮಹಡಿ ಶೀರ್ಷಿಕೆ ಓದ್ತಾರೆ, ಹವೆ, ಗಾಳಿ, ಬಂಡೆ, ನಾನು ಕಣ್ಣು ಮುಚ್ಚಿಕೊಂಡು ಸರಿ ಅಂತೀನಿ, ಒಂದು ಕಡೆ ಅಲ್ಲ ಅಂತೀನಿ, ಲೇಬಲ್ಲೇ ತಪ್ಪು ಅದು, ಕಳಿಸಿದ ವಿಭಾಗದವರು ಮೊದಲೇ ಹಾಕಿದ್ದು, ಪರಿವಿಡಿ ಓದಿ ನೋಡೋಣ, ಓದಿದರು, ನಾನು ಹೇಳಿದ್ದೇ ಸರಿ, ಅವರು ಹೂಂ ಅಂದರು, ಆ ಹೂಂನಲ್ಲಿ ಮುನಿಸು ಒಂದು ಕೂದಲಷ್ಟು ಕಮ್ಮಿ. ಹದಿನೇಳನೆಯದು ಮಳೆಯ ಬಗ್ಗೆ, ತೆಳು ಕಾಗದ, ಟೈಪ್‌ರೈಟರ್‌ನಲ್ಲಿ ಹೊಡೆದದ್ದು, ಕೈಗೆ ತಗೊಂಡೆ, ಹಾಳೆಯ ಹಿಂಭಾಗ ಬೆರಳಿಗೆ ತರಿತರಿ, ಹೊಡೆದವರು ಯಾರೋ ಗಟ್ಟಿ ಕೈಯವರು, ಒಂದೊಂದು ಅಕ್ಷರವೂ ಆಚೆ ಉಬ್ಬಿದೆ, ಪೂರ್ಣವಿರಾಮ ಬಂದ ಕಡೆಯಲ್ಲೆಲ್ಲ ಕಾಗದವೇ ತೂತಾಗಿದೆ, ಸೂಜಿಮೊನೆಯಷ್ಟು, ಹಾಳೆಯನ್ನು ಕಿಟಕಿಯ ಕಡೆ ಎತ್ತಿ ಹಿಡಿದೆ, ಸುಮ್ಮನೆ, ಸ್ವಲ್ಪ ಪಕ್ಕಕ್ಕೆ ನೋಡಿದೆ, ಅಕ್ಷರ ಒಂದೂ ಕಾಣಲ್ಲ, ಸಾಲುಗಳೆಲ್ಲ ಮಂಜು, ಆದರೆ ಪ್ರತಿ ವಾಕ್ಯ ಮುಗಿದ ಕಡೆ ಒಂದು ಬೆಳಕು, ಇಲ್ಲೊಂದು, ಅಲ್ಲೊಂದು, ಮೂರನೇ ಮಹಡಿಯವರೇ ಇಲ್ಲಿ ನೋಡಿ ಅಂದೆ, ಅವರು ಕನ್ನಡಕ ಮೇಲೇರಿಸಿ ಬಗ್ಗಿದರು, ಸರಸರನೂ ಕುರ್ಚಿ ಜರುಗಿಸಿ ಬಂದಳು, ಇನ್ನೊಂದು ಹಾಳೆ ತಿರುವಿದೆ, ಅದರಲ್ಲೂ, ಕೆಳಗಿನ ಸಾಲಿನಲ್ಲಿ ಎರಡು ಒಟ್ಟಿಗೇ, ಬಿಸಿಲು ಸಣ್ಣಗೆ ನುಗ್ಗುತ್ತಿದೆ, ಇನ್ನೊಂದು ಹಾಳೆ — ಅಲ್ಲೂ, ಚುಕ್ಕಿ, ಚುಕ್ಕಿಯೊಳಗೆ ಬೆಳಕು, ಚುಕ್ಕಿ